ಹೆಂಡತಿ ಮನೆಯ ಅನ್ನ

ಕಲ್ಪೇನಿ ದ್ವೀಪ
೧೮ ನವೆಂಬರ್ ೨೦೨೪

ಗೌಸಿಯಾಳ ಅಬ್ಬನವರಿಗೆ, ರಹಿಮತ್ ಬೀ ಸಮುದ್ರದಾಚೆಯಿಂದ ಮಾಡುವ ಸಲಾಮು.

ಸುಖವಾಗಿ ಬಂದು ಮುಟ್ಟಿದ್ದೇನೆ. ನನ್ನ ಫೋನು ಇಲ್ಲಿ ಸತ್ತು ಬಿದ್ದಿದೆ. ನಮ್ಮ ಸಿಮ್ಮಿಗೆ ಈ ದ್ವೀಪದಲ್ಲಿ ಸಿಗ್ನಲ್ ಬರುವುದಿಲ್ಲವಂತೆ. ಮಗ ಫಿರೋಜನ ಫೋನಿನಿಂದ ಮಾಡಬಹುದಿತ್ತು. ಆ ನಂಬರಿನಿಂದ ಬಂದರೆ ನೀವು ಎತ್ತುವುದಿಲ್ಲ ಎಂಬುದು ನನಗೂ ಗೊತ್ತು, ಅವನಿಗೂ ಗೊತ್ತು. ಹಾಗಾಗಿ ಕಾಗದ ಬರೆಯಲು ಕುಳಿತೆ. ಮದುವೆಯಾಗಿ ಇಷ್ಟು ವರ್ಷಕ್ಕೆ ನಿಮಗೆ ಬರೆಯುತ್ತಿರುವ ಮೊದಲ ಕಾಗದ ಇದು. ಏಳನೇ ಕ್ಲಾಸಿನ ಕನ್ನಡ, ತಪ್ಪಿದ್ದರೆ ಗ್ಯಾರೇಜಿನಲ್ಲಿ ಎಲ್ಲರೆದುರು ಓದಿ ನಗಬೇಡಿ.

ಕೊಚ್ಚಿಯವರೆಗೆ ಅಳಿಯ ಬಂದು ಬಿಟ್ಟ. ಅಲ್ಲಿ ಹಡಗಿನ ಹತ್ತಿರ ನಿಮ್ಮ ಮಗ ನಿಂತಿದ್ದ. ನಾಲ್ಕು ವರ್ಷದ ಮೇಲೆ ನೋಡಿದೆ. ಸೊರಗಿರುತ್ತಾನೆ ಅಂದುಕೊಂಡಿದ್ದೆ, ಇಲ್ಲ. ಕಪ್ಪಗಾಗಿದ್ದಾನೆ, ಭುಜ ತುಂಬಿಕೊಂಡಿವೆ. ಈ ಸಾಲುಗಳನ್ನು ನೀವು ಹಾರಿಸಿ ಓದುತ್ತೀರಿ ಎಂದು ಗೊತ್ತಿದೆ. ಆದ್ದರಿಂದ ಊಟದ ವಿಷಯ ಬರೆಯುತ್ತೇನೆ. ಅದನ್ನು ನೀವು ಹಾರಿಸುವವರಲ್ಲ.

ಬಂದ ದಿನ ಮಧ್ಯಾಹ್ನ ಬೀಗಿತ್ತಿ ಕದೀಜಾಬಿ ನನ್ನನ್ನು ಕೈಹಿಡಿದು ಕೂರಿಸಿದಳು. ಆಕೆಯ ಮಾತು ನನಗೆ ತಿಳಿಯುವುದಿಲ್ಲ, ನನ್ನದು ಆಕೆಗೆ ತಿಳಿಯುವುದಿಲ್ಲ. ತಟ್ಟೆಯಲ್ಲಿ ದಪ್ಪಕ್ಕಿ ಅನ್ನ, ಅದರ ಮೇಲೆ ಮೀನಿನ ಸಾರು. ಇಲ್ಲಿ ಚೂರ ಅನ್ನುತ್ತಾರೆ ಆ ಮೀನಿಗೆ. ಸಣ್ಣ ಸೋರೆಕಾಯಿ ಗಾತ್ರ, ಒಳಗೆ ಕುರಿಯ ಮಾಂಸದ ಹಾಗೆ ಕೆಂಪು. ಬೆಳಿಗ್ಗೆ ಸಮುದ್ರದಲ್ಲಿ ಇದ್ದದ್ದು ಮಧ್ಯಾಹ್ನ ನನ್ನ ತಟ್ಟೆಯಲ್ಲಿತ್ತು. ಅರಿಶಿನ, ಒಣಮೆಣಸಿನಕಾಯಿ ನುಣ್ಣಗೆ ಅರೆದು, ಹಸಿ ತೆಂಗಿನಕಾಯಿಯ ಹಾಲು ಹಾಕಿ ಮಾಡಿದ್ದರು. ಹುಣಸೆ ಹಾಕುವುದಿಲ್ಲ. ಹಿತ್ತಲ ಗಿಡದಿಂದ ಬಿಂಬುಳಿ ಎಂಬ ಹಸಿರು ಕಾಯಿ ಕಿತ್ತು ಸೀಳಿ ಹಾಕುತ್ತಾರೆ. ವಾಸನೆ ಅನ್ನುವುದು ಇಲ್ಲವೇ ಇಲ್ಲ. ನಮ್ಮ ಸಂತೆಯ ಐಸ್ ಮೀನನ್ನು ನಾಲ್ಕು ನೀರಲ್ಲಿ ತೊಳೆದು ನಿಂಬೆಹಣ್ಣು ತಿಕ್ಕಿದರೂ ಕೈ ನಾರುತ್ತಿತ್ತಲ್ಲ? ಇಲ್ಲಿ ಉಂಡ ಕೈಯನ್ನು ಮೂಸಿ ನೋಡಿಕೊಂಡೆ. ತೆಂಗಿನ ಪರಿಮಳ ಬಂತು.

ಇಲ್ಲಿಯ ಕ್ರಮ ಬೇರೆ. ಹೆಣ್ಣುಮಕ್ಕಳು ಹುಟ್ಟಿದ ಮನೆ ಬಿಡುವುದಿಲ್ಲ. ಗಂಡನಾದವನು ಆ ಮನೆಗೆ ಬರುತ್ತಾನೆ. ಕದೀಜಾಬಿಯ ಗಂಡ ಹಾಗೇ ಬಂದವರು, ಅವರ ಅಣ್ಣತಮ್ಮಂದಿರು ಹಾಗೇ ಹೋದವರು. ಕೆಲಸಕ್ಕೆಂದು ಬಂದ ಫಿರೋಜ ಇಲ್ಲೇ ಮದುವೆಯಾದ ಸುದ್ದಿ ತಿಳಿದ ದಿನ ನೀವು, “ಹೆಂಡ್ತಿ ಮನಿ ಅನ್ನಕ್ಕ ಬಿದ್ದ ಮಗ ನನಗ ಬ್ಯಾಡ” ಅಂದಿರಿ. ನಾನು ಆಗ ಏನೂ ಅನ್ನಲಿಲ್ಲ. ಈಗಲೂ ಅನ್ನುವುದಿಲ್ಲ. ಆ ಅನ್ನವನ್ನು ಈಗ ನಾನೂ ಉಣ್ಣುತ್ತಿದ್ದೇನೆ, ಅಷ್ಟು ತಿಳಿಸಿದ್ದೇನೆ.

ಸೊಸೆ ಆರಾಮಿದ್ದಾಳೆ. ಹೆರಿಗೆ ಫೆಬ್ರವರಿ ಮೊದಲ ವಾರ ಅಂತ ಡಾಕ್ಟರು ಹೇಳಿದ್ದಾರೆ. ಆಕೆಯ ಹೆಸರನ್ನು ನೀವಾಗಿ ಕೇಳಿದಾಗ ಬರೆಯುತ್ತೇನೆ.

ಬಿಪಿ ಮಾತ್ರೆ ತಪ್ಪಿಸಬೇಡಿ.

ನಿಮ್ಮ
ರಹಿಮತ್

೦

ಕೂಡ್ಲಿಗಿ
೬ ಡಿಸೆಂಬರ್ ೨೦೨೪

ರಹಿಮತ್ ಬೀಗೆ,

ಕಾಗದ ಬಂತು. ಓದಿದೆ. ಮಾತ್ರೆ ತಗೊಳ್ಳುತ್ತಿದ್ದೇನೆ.

ಮೆಕ್ಕೆಜೋಳದ ಕಾಲ, ಟ್ರ್ಯಾಕ್ಟರ್‌ಗಳು ಸಾಲುಗಟ್ಟಿ ನಿಂತಿವೆ. ಹಿರೇಹಡಗಲಿಯಿಂದಲೂ ಒಂದು ಬಂದಿದೆ, ಗೇರ್‌ಬಾಕ್ಸ್ ಪೂರ್ತಿ ಬಿಚ್ಚಬೇಕು. ಒಬ್ಬನೇ. ಕೆಲಸ ಆಗುತ್ತದೆ, ಆಗದೆ ಏನು.

ಊಟ ಹನುಮಣ್ಣನ ಖಾನಾವಳಿಯಲ್ಲಿ. ಗ್ಯಾರೇಜಿನ ಪಕ್ಕ, ಅದೇ ಅನುಕೂಲ. ರೊಟ್ಟಿ, ಪುಂಡಿಪಲ್ಯ, ಬೇಳೆ. ಚೆನ್ನಾಗಿಯೇ ಮಾಡುತ್ತಾನೆ. ಆದರೆ ನಾನು ಅರ್ಧ ಉಂಡು ಏಳುತ್ತೇನೆಂದು ಅವನಿಗೆ ಬೇಜಾರು. ನಿನ್ನೆ ಬಂದು ಎದುರು ಕುಳಿತು, “ಏನ್ ಸಾಬ್ರ, ಉಪ್ಪು ಕಮ್ಮಿ ಆಗೈತೇನು?” ಅಂತ ಕೇಳಿದ. ಎಲ್ಲಾ ಸರಿಯಿದೆ ಅಂದೆ. ಅವನು ನಂಬಲಿಲ್ಲ.

ಗೌಸಿಯಾ ಕೊಟ್ಟೂರಿಗೆ ಬಂದಿರು ಅನ್ನುತ್ತಾಳೆ. ಮಗಳ ಮನೆಯಲ್ಲಿ ಎಷ್ಟು ದಿನ ಇರಲಿಕ್ಕಾಗುತ್ತದೆ? ಹೋಗಲಿಲ್ಲ.

ನೀನು ಊಟದ ವಿಷಯ ಬಹಳ ಬರೆಯಬೇಡ. ಆರೋಗ್ಯದ ವಿಷಯ ಬರೆ. ನಿನ್ನ ಮೊಣಕಾಲು ಹೇಗಿದೆ? ಉಪ್ಪು ಗಾಳಿಗೆ ಹೆಚ್ಚಾಗುತ್ತದೆ ಅನ್ನುತ್ತಾರೆ.

ಹುಣಸೆಹಣ್ಣು ಹಾಕದೆ ಮೀನಿನ ಸಾರು ಹೇಗಾದೀತು, ನನಗಂತೂ ನಂಬಿಕೆ ಇಲ್ಲ.

ನೂರಸಾಬ

೦

ಕಲ್ಪೇನಿ
೨೭ ಡಿಸೆಂಬರ್ ೨೦೨೪

ಗೌಸಿಯಾಳ ಅಬ್ಬನವರಿಗೆ ರಹಿಮತ್ ಬೀಯ ಸಲಾಮು.

ಮೊಣಕಾಲು ಚೆನ್ನಾಗಿದೆ. ಇಲ್ಲಿ ಏರು ಇಲ್ಲ, ಇಳಿಜಾರು ಇಲ್ಲ, ಕಾಲ ಕೆಳಗೆ ಬರೀ ಮೆತ್ತನೆ ಮರಳು. ಬೆಳಿಗ್ಗೆ ಒಂದು ಕಡೆಯ ಸಮುದ್ರ ನೋಡಿ, ನಡೆದುಕೊಂಡು ಹೋಗಿ ಇನ್ನೊಂದು ಕಡೆಯ ಸಮುದ್ರ ನೋಡಿ, ತಿಂಡಿಯ ಹೊತ್ತಿಗೆ ಮನೆಗೆ ಬರುತ್ತೇನೆ. ಆರೋಗ್ಯದ ವಿಷಯ ಬರೆದಾಯಿತು. ಇನ್ನು ಊಟದ್ದು.

ಇವರು ನನ್ನನ್ನು ಒಲೆಯ ಹತ್ತಿರ ಬಿಡುತ್ತಿಲ್ಲ. ಬಾಣಂತನ ಮಾಡಲು ಬಂದವಳು ನಾನು, ನನ್ನದೇ ಬಾಣಂತನ ನಡೆದಿದೆ. ಮೊದಲ ವಾರ ಕೈ ಎಲ್ಲಿಡಬೇಕೋ ಗೊತ್ತಾಗದೆ ಒದ್ದಾಡಿದೆ. ಎದ್ದು ಹೋಗಿ ಈಳಿಗೆ ಹಿಡಿದರೆ ಕದೀಜಾಬಿ ಕಸಿದುಕೊಂಡು ನಗುತ್ತಾಳೆ. ಈಗ ರೂಢಿಯಾಗಿದೆ. ಕೂಗಿದಾಗ ಹೋಗಿ ಕೂರುತ್ತೇನೆ, ಬಿಸಿಯಾಗಿ ಬಡಿಸುತ್ತಾರೆ, ಉಣ್ಣುತ್ತೇನೆ. ಒಲೆಯ ಮುಂದಿನಿಂದ ಎದ್ದು ಬಂದು ಉಣ್ಣುವ ಊಟಕ್ಕೂ, ಹಸಿದು ಕುಳಿತು ಕಾದು ಉಣ್ಣುವ ಊಟಕ್ಕೂ ಇಷ್ಟು ವ್ಯತ್ಯಾಸ ಇರುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ.

ಬೆಳಗಿನ ಜಾವ ತೆಂಗಿನ ಮರದಿಂದ ಇಳಿಸಿದ ಮೀರ ಎಂಬ ರಸ ಕೊಡುತ್ತಾರೆ. ಹೆದರಬೇಡಿ, ಹೆಂಡ ಅಲ್ಲ. ಆಗಷ್ಟೇ ಇಳಿಸಿದ್ದು ಕಬ್ಬಿನ ಹಾಲಿನಷ್ಟು ಸಿಹಿ, ಅದಕ್ಕಿಂತ ತಿಳಿ. ಹಬ್ಬ ಹರಿದಿನಕ್ಕೆ ಕಿಲಾಂಜಿ ಮಾಡುತ್ತಾರೆ. ಅಕ್ಕಿಹಿಟ್ಟು, ಮೊಟ್ಟೆ ಕಲಸಿ ವೀಳ್ಯದೆಲೆಗಿಂತ ತೆಳ್ಳಗೆ ಹುಯ್ದ ದೋಸೆ. ತೆಂಗಿನಹಾಲಿಗೆ ಬೆಲ್ಲ ಕರಗಿಸಿ, ಬಾಳೆಹಣ್ಣು ಹೆಚ್ಚಿ ಹಾಕಿ, ಅದರಲ್ಲಿ ನೆನೆಸಿ ತಿನ್ನಬೇಕು. ನಿಮಗೆ ಸಕ್ಕರೆ ಕಾಯಿಲೆ ಇಲ್ಲದ್ದು ದೇವರ ದಯೆ. ಹಲಸಿನ ತಮ್ಮನಂಥ ಒಂದು ಕಾಯಿ ಇದೆ, ಕಡಚಕ್ಕ ಅಂತ. ಅದನ್ನು ಹೋಳು ಮಾಡಿ ತೆಂಗಿನೆಣ್ಣೆಯಲ್ಲಿ ಕರಿದರೆ ನಾನು ತಟ್ಟೆ ಬಿಟ್ಟು ಏಳುವುದಿಲ್ಲ. ಒಂದು ದಿನ ಎಂಟು ಕಾಲಿನ ಜೀವಿಯನ್ನು ತುಂಡು ಮಾಡಿ ಹುರಿದಿಟ್ಟರು. ಕಣ್ಣು ಮುಚ್ಚಿಕೊಂಡು ಒಂದು ಚೂರು ಬಾಯಿಗಿಟ್ಟೆ. ಆಮೇಲೆ ಕಣ್ಣು ತೆರೆದೇ ತಿಂದೆ.

ಹಡಗು ತಡವಾದರೆ ಈರುಳ್ಳಿ, ಟೊಮೇಟೊ ಇರುವುದಿಲ್ಲ. ಆಗ ಯಾರೂ ಮುಖ ಚಿಕ್ಕದು ಮಾಡುವುದಿಲ್ಲ. ಹಿತ್ತಲಲ್ಲಿ ನುಗ್ಗೆಸೊಪ್ಪಿದೆ, ಪಪ್ಪಾಯಿ ಇದೆ, ಬಾಳೆ ಇದೆ, ಎದುರಿಗೆ ಸಮುದ್ರ ಇದೆ.

ಇನ್ನೊಂದು ಸಂಗತಿ ಬರೆಯಬೇಕು. ಇದನ್ನು ಹಾರಿಸಬೇಡಿ, ಇದೂ ಮೀನಿನ ವಿಷಯವೇ.

ಮೊನ್ನೆ ಬೆಳಿಗ್ಗೆ ಬಾಗಿಲು ತೆಗೆದರೆ ಜಗುಲಿಯ ಕಂಬಕ್ಕೆ ತೆಂಗಿನ ಗರಿಯ ಎಳೆಯಲ್ಲಿ ಕಟ್ಟಿ ಒಂದು ದೊಡ್ಡ ಚೂರ ತೂಗುಹಾಕಿದ್ದರು. ಯಾರೂ ಇರಲಿಲ್ಲ.

“ಇದ್ಯಾರು ಕಟ್ಟಿ ಹೋದ್ರೋ?” ಅಂತ ಫಿರೋಜನನ್ನು ಕೇಳಿದೆ.

“ನಿನ್ನಿ ಒಂದು ದೋಣಿ ಇಂಜಿನ್ ರಿಪೇರಿ ಮಾಡಿ ಕೊಟ್ಟಿದ್ನಲ್ಲಮ್ಮಾ, ಅವರು. ಕೂಲಿ ಆಗ್ಲೇ ಕೊಟ್ಟಾರ. ಇದು ಸುಮ್ನ, ಖುಷಿಗೆ.”

“ದಿನಾ ಕಟ್ತಾರೇನು?”

ಅವನು ನಾಚಿಕೊಂಡ. ಉತ್ತರ ಕೊಟ್ಟದ್ದು ಬೀಗಿತ್ತಿ. ಕೈಸನ್ನೆ, ಬಾಯಿಸನ್ನೆ ಎಲ್ಲಾ ಮಾಡಿ, ನನಗೆ ತಿಳಿಯದ್ದನ್ನು ಅವನ ಬಾಯಲ್ಲೇ ಹೇಳಿಸಿದಳು. ಅಳಿಯ ಬಂದ ಮೇಲೆ ಈ ಮನೆಯವರು ಮೀನು ಕೊಳ್ಳುವುದನ್ನೇ ಬಿಟ್ಟಿದ್ದಾರಂತೆ. ಅವನು ಅದನ್ನು ಹೇಳುವಾಗ ನೆಲ ನೋಡುತ್ತಿದ್ದ.

ನಾನು ಬಂದ ದಿನ ಉಂಡ ಮೀನು, ಈವತ್ತು ಉಂಡದ್ದು, ಎಲ್ಲವೂ ಅವನ ಕೈ ದುಡಿಮೆಯದು. ಇಂಜಿನ್ ಕೆಲಸ ಅವನಿಗೆ ಕಲಿಸಿದ್ದು ಯಾರು ಎಂದು ನಾನು ಬರೆಯಬೇಕಾಗಿಲ್ಲ.

ನಿಮ್ಮ
ರಹಿಮತ್

೦

ಕೂಡ್ಲಿಗಿ
೧೬ ಜನವರಿ ೨೦೨೫

ರಹಿಮತ್ ಬೀಗೆ,

ಕಾಗದ ತಲುಪಿತು.

ಭಾನುವಾರ ಸಂತೆಯಲ್ಲಿ ಮೀನು ತಂದೆ. ಹನುಮಣ್ಣ ತನ್ನ ಒಲೆಯ ಮೇಲೆ ಬೇಡ ಅಂದ, ಮನೆಗೇ ತಂದೆ. ನೀನು ಬರೆದ ಹಾಗೆ ತೆಂಗಿನಹಾಲು ಹಿಂಡಿ ಹಾಕಿದೆ, ಹುಣಸೆ ಹಾಕಲಿಲ್ಲ. ಬಿಂಬುಳಿ ಕೂಡ್ಲಿಗಿಯಲ್ಲಿ ಎಲ್ಲಿ ಸಿಗಬೇಕು, ಮಾವಿನಕಾಯಿಯೂ ಇಲ್ಲದ ಕಾಲ. ಸಾರು ಒಡೆದು ಮೊಸರಿನ ಹಾಗಾಯಿತು. ಬೆಕ್ಕು ತಿಂದಿತು. ತೆಂಗಿನಹಾಲನ್ನು ಮೊದಲೇ ಹಾಕುವುದೋ ಕುದಿ ಬಂದ ಮೇಲೆ ಹಾಕುವುದೋ? ನೀನು ಪೂರ್ತಿ ಬರೆದಿಲ್ಲ. ಬರೆಯುವುದಾದರೆ ಪೂರ್ತಿ ಬರೆಯಬೇಕು.

ಹಿರೇಹಡಗಲಿಯ ಟ್ರ್ಯಾಕ್ಟರ್ ರಿಪೇರಿಯಾಗಿ ಹೋಯಿತು. ಅದರ ಮಾಲೀಕ ದುರುಗೇಶ್ ಹಣದ ಜೊತೆ ಒಂದು ಚೀಲ ಸೀತನಿ ತಂದು ಕೊಟ್ಟ. ಎಳೆ ಜೋಳದ ತೆನೆ ಸುಟ್ಟು ಬಡಿದು ಬಿಸಿಬಿಸಿ ತಂದಿದ್ದ. ಬೆಲ್ಲ, ಶೇಂಗಾ ಚಟ್ನಿ ಜೊತೆ ಗ್ಯಾರೇಜಿನಲ್ಲಿ ಇದ್ದವರೆಲ್ಲಾ ತಿಂದರು. ನಾನೂ ಒಂದು ಮುಷ್ಟಿ ತಿಂದೆ. ಅವನು ಕೊಟ್ಟಾಗ ನಾನು ಇದೇನು ಉಪಚಾರ ಅಂದೆ. “ರೊಕ್ಕ ಕೆಲಸಕ್ಕ ಸಾಬ್ರ, ಇದು ನಿಮಗ” ಅಂದ. ಆಗ ನಿನ್ನ ಕಾಗದ ನೆನಪಾಯಿತು.

ಗೌಸಿಯಾ ಒಂದು ಪಾರ್ಸಲ್ ಕಳಿಸುತ್ತಿದ್ದಾಳೆ. ಸಜ್ಜೆಯ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಬಾಣಂತಿಗೆ ಒಣಕೊಬ್ಬರಿ ಅಂಟಿನುಂಡೆ. ಅಷ್ಟು ತೆಂಗು ಇರುವ ಊರಿಗೆ ಕೊಬ್ಬರಿ ಕಳಿಸುವುದು ಹುಚ್ಚು ಅಂದೆ. ಕೇಳಲಿಲ್ಲ. ರೊಟ್ಟಿ ಮುರಿದಿದ್ದರೆ ಪೋಸ್ಟಿನವರ ತಪ್ಪು. ನಾನು ನನ್ನ ಕೈಯಾರೆ ಹುಲ್ಲಿಟ್ಟು ಕಟ್ಟಿದ್ದೇನೆ.

ಆ ಹುಡುಗಿಯ ಹೆಸರೇನು?

ನೂರಸಾಬ

೦

ಕಲ್ಪೇನಿ
೯ ಫೆಬ್ರವರಿ ೨೦೨೫

ಫಿರೋಜನ ಅಬ್ಬನವರಿಗೆ,

ಆಕೆಯ ಹೆಸರು ಹಾಜರಾ. ನಿಮಗೆ ಮೊಮ್ಮಗಳು ಹುಟ್ಟಿದ್ದಾಳೆ. ತಾಯಿ, ಮಗು ಆರಾಮಿದ್ದಾರೆ. ಮೊದಲು ಇದನ್ನು ಬರೆದು ಉಸಿರು ಬಿಟ್ಟಿದ್ದೇನೆ, ಈಗ ನಡೆದದ್ದನ್ನು ಬರೆಯುತ್ತೇನೆ.

ಬೆಳಿಗ್ಗೆ ತಿಂಡಿಯ ಹೊತ್ತಿಗೆ ನೋವು ಶುರುವಾಯಿತು. ಇಲ್ಲಿಯ ಆಸ್ಪತ್ರೆ ಚಿಕ್ಕದು. ಮಧ್ಯಾಹ್ನದ ಹೊತ್ತಿಗೆ ಡಾಕ್ಟರಮ್ಮ ಹೊರಗೆ ಬಂದು, ಮಗು ತಿರುಗಿಲ್ಲ, ಹೆಲಿಕಾಪ್ಟರ್ ಕರೆಸಿ ಕೊಚ್ಚಿಗೆ ಕಳಿಸಬೇಕಾಗಬಹುದು ಅಂದರು. ಅವತ್ತು ಗಾಳಿ ಜೋರಾಗಿತ್ತು. ಗಾಳಿ ನಿಲ್ಲದೆ ಅದು ಬರುವುದಿಲ್ಲವಂತೆ. ಕದೀಜಾಬಿ ಗೋಡೆಗೆ ಆತು ಕೂತು ದುವಾ ಓದಿಕೊಳ್ಳುತ್ತಿದ್ದಳು. ನಿಮ್ಮ ಮಗ ಬಾಗಿಲ ಹತ್ತಿರ ನಿಂತಿದ್ದ. ನೀವು ನನ್ನ ಹೆರಿಗೆಯ ದಿನ ಬಳ್ಳಾರಿ ಆಸ್ಪತ್ರೆಯಲ್ಲಿ ನಿಂತಿದ್ದ ಹಾಗೇ, ಎರಡು ಕೈಯನ್ನೂ ಹಿಂದೆ ಕಟ್ಟಿಕೊಂಡು.

ನಾನು ಅವನ ಫೋನು ಇಸಕೊಂಡು ನಿಮಗೆ ಹಚ್ಚಿದೆ. ರಿಂಗಾಯಿತು, ಪೂರ್ತಿ ಆಗಿ ನಿಂತಿತು. ಅವನು ನನ್ನ ಮುಖ ನೋಡಿ, “ಇರ್ಲಿ ಬಿಡಮ್ಮಾ, ಕೆಲಸದಾಗ ಇರ್ತಾರ” ಅಂದ. ಆ ಹೊತ್ತಿನಲ್ಲೂ ನಿಮ್ಮ ಪರವಾಗಿಯೇ ಮಾತಾಡಿದ.

ಇಳಿಹೊತ್ತಿನ ಅಸರ್ ನಮಾಜಿನ ವೇಳೆಗೆ ಮಗು ತಾನಾಗಿಯೇ ತಿರುಗಿತು. ಹೆಲಿಕಾಪ್ಟರ್ ಬೇಕಾಗಲಿಲ್ಲ. ಡಾಕ್ಟರಮ್ಮ ಮಗುವನ್ನು ತಂದು ಯಾರ ಕೈಗೆ ಕೊಡಲಿ ಅನ್ನುವಂತೆ ನೋಡಿದರು. ಕದೀಜಾಬಿ ನನ್ನನ್ನು ಮುಂದೆ ದೂಡಿದಳು. ಕಿವಿ ಥೇಟ್ ನಿಮ್ಮದೇ, ಅಗಲಕ್ಕೆ. ಹೆಣ್ಣುಮಗು ಪಾಪ.

ಹನುಮಣ್ಣನಿಗೆ ಫಿರೋಜ್ ಫೋನ್ ಮಾಡಿ ಹೇಳಿದನಂತೆ. ಹಾಗಾಗಿ ಈ ಸುದ್ದಿ ನಿಮಗೆ ಹಳೆಯದೇ ಇರಬೇಕು.

ಬಾಣಂತಿಯ ಊಟ ನೋಡಬೇಕು ನೀವು. ಸಣ್ಣ ಮೀನುಗಳನ್ನು ಮೆಣಸು, ಬೆಳ್ಳುಳ್ಳಿ ಹಾಕಿ ಕುದಿಸಿದ ತಿಳಿ ಸಾರು, ನುಗ್ಗೆಸೊಪ್ಪಿನ ಪಲ್ಯ, ತೆಂಗಿನಹಾಲಲ್ಲಿ ಬೆಂದ ಗಂಜಿ. ಹಾಲು ಚೆನ್ನಾಗಿ ಬಂದಿದೆ. ಗೌಸಿಯಾಳ ಪಾರ್ಸಲ್ಲೂ ಬಂತು. ನೀವು ಕಟ್ಟಿದ್ದು, ಅದಕ್ಕೇ ಒಂದು ರೊಟ್ಟಿಯೂ ಮುರಿದಿಲ್ಲ. ಕದೀಜಾಬಿ ಹಪ್ಪಳ ಅಂದುಕೊಂಡು ಎಣ್ಣೆ ಕಾಯಿಸಲು ಇಟ್ಟಿದ್ದಳು. ನಾನು ಒಂದನ್ನು ಮುರಿದು, ಹುರಿದ ಚೂರದ ತುಂಡು, ಮೇಲೆ ಶೇಂಗಾ ಪುಡಿ ಇಟ್ಟು ಕೊಟ್ಟೆ. ಕರಕರ ಅಗಿದಳು. ಆಮೇಲೆ ಡಬ್ಬಿ ಎತ್ತಿ ತನ್ನ ಕೋಣೆಯಲ್ಲಿಟ್ಟಳು. ಈಗ ಕೇಳಿ ತಿನ್ನಬೇಕಾಗಿದೆ ನಾನು.

ಹಾಜರಾ ಅಂಟಿನುಂಡೆ ತಿನ್ನುತ್ತಾ ಇದನ್ನು ಯಾರು ಕಳಿಸಿದ್ದು ಅಂತ ಕೇಳಿದಳು. ಅವಳಿಗೆ ಈಗ ನಾಲ್ಕು ಕನ್ನಡ ಮಾತು ಬರುತ್ತವೆ. ನಿನ್ನ ಮಾವ ಅಂದೆ. ಕೈಲಿದ್ದದ್ದನ್ನು ಒಂದು ಗಳಿಗೆ ನೋಡಿ ಆಮೇಲೆ ತಿಂದಳು.

ತೆಂಗಿನಹಾಲನ್ನು ಕೊನೆಯಲ್ಲಿ ಹಾಕಬೇಕು. ಹಾಕಿದ ಮೇಲೆ ಕುದಿಸಬಾರದು, ಬಿಸಿಯಾದರೆ ಸಾಕು. ಇಷ್ಟೇ.

ರಹಿಮತ್

೦

ಕೂಡ್ಲಿಗಿ
೨೫ ಫೆಬ್ರವರಿ ೨೦೨೫

ರಹಿಮತ್,

ಫೋನು ನನ್ನ ಕೈಯಲ್ಲೇ ಇತ್ತು. ಕೆಲಸದಲ್ಲಿ ಇರಲಿಲ್ಲ, ಸುಮ್ಮನೆ ಕುಳಿತಿದ್ದೆ. ನಂಬರ್ ನೋಡಿದೆ. ಎತ್ತಬೇಕು ಅಂದುಕೊಳ್ಳುವಷ್ಟರಲ್ಲಿ ನಿಂತಿತು. ಇನ್ನೊಂದು ಸಲ ಹೊಡೆಯಬಹುದು ಅಂತ ಕಾದೆ. ಹೊಡೆಯಲಿಲ್ಲ.

ಸಂಜೆ ಹನುಮಣ್ಣ ಓಡಿಕೊಂಡು ಬಂದ. “ಸಾಬ್ರ, ತಾತ ಆದ್ರಿ!” ಅಂತ ರಸ್ತೆಯಿಂದಲೇ ಕೂಗಿದ. ಬಸ್ಸಿಗೆ ಕಾಯುತ್ತಿದ್ದವರೆಲ್ಲಾ ತಿರುಗಿ ನೋಡಿದರು. ಅವನ ಹತ್ತಿರ ಇದ್ದ ಮಿರ್ಚಿ, ಮಂಡಕ್ಕಿ ಅಷ್ಟೂ ತರಿಸಿ ನಮ್ಮ ಸಾಲಿನ ಅಂಗಡಿಯವರಿಗೆಲ್ಲಾ ಕೊಡಿಸಿದೆ. ಟೈರ್ ಅಂಗಡಿಯವನು ಯಾವ ಮಗನ ಮಗು ಅಂತ ಕೇಳಿದ. ನನಗಿರುವುದು ಒಬ್ಬನೇ ಮಗ ಅಂದೆ. ಆ ಮಾತು ಬಾಯಿಂದ ಬಂದ ಮೇಲೆ ಬಹಳ ಹೊತ್ತು ನನಗೇ ಕೇಳಿಸುತ್ತಿತ್ತು.

ತೆಂಗಿನಹಾಲು ಕೊನೆಗೆ ಹಾಕಿದೆ. ಒಡೆಯಲಿಲ್ಲ. ಮೀನು ಮಾತ್ರ ನಾರುತ್ತಿತ್ತು. ಅದು ಮೀನಿನ ತಪ್ಪು.

ಹಡಗಿನಲ್ಲಿ ತಲೆ ತಿರುಗುತ್ತದಂತೆ, ನಿಜವೋ? ನಿನಗೆ ಆಗಿತ್ತೋ? ಸುಮ್ಮನೆ ಕೇಳಿದೆ.

ಮಗುವಿಗೆ ಶೀತ ಆಗದ ಹಾಗೆ ನೋಡಿಕೊಳ್ಳಿ.

ನೂರಸಾಬ

೦

ಕಲ್ಪೇನಿ
೧೪ ಮಾರ್ಚ್ ೨೦೨೫

ಅಬ್ಬಾ,

ನಿಮ್ಮ ಕಾಗದವನ್ನು ಅಮ್ಮ ನನಗೆ ಓದಲು ಕೊಟ್ಟಳು. ಕೊಡಬಾರದಿತ್ತು ಅನ್ನಿಸಿದರೆ ಅವಳ ಮೇಲೆ ಸಿಟ್ಟು ಮಾಡಬೇಡಿ.

ಹೊರಗಿನವರು ಇಲ್ಲಿಗೆ ಬರಲು ಸರ್ಕಾರದ ಅನುಮತಿ ಬೇಕು. ನಮ್ಮ ಅತ್ತೆ ತಮ್ಮ ಹೆಸರಿನಲ್ಲಿ ಅರ್ಜಿ ಹಾಕಿ ನಿಮಗೆ ಅನುಮತಿ ಮಾಡಿಸಿದ್ದಾರೆ. ನಾನು ಕೇಳಿರಲಿಲ್ಲ, ಅವರೇ ಹೋಗಿ ಮಾಡಿಸಿದರು. ಇದರ ಜೊತೆ ಇಟ್ಟಿದ್ದೇನೆ. ಹಬ್ಬದ ನಂತರ ಗೌಸಿಯಾಳ ಗಂಡ ಕೊಚ್ಚಿಯವರೆಗೆ ಬರುತ್ತಾನೆ.

ಮದುವೆಗೆ ಮುಂಚೆ ನಿಮ್ಮನ್ನು ಬಂದು ಕೇಳಬೇಕಿತ್ತು ಅಂತ ನೀವು ಅಂದದ್ದು ಸರಿ. ನೀವು ಬೇಡ ಅನ್ನುತ್ತೀರಿ ಅಂತ ಹೆದರಿ ಬರಲಿಲ್ಲ. ಹಾಜರಾಳನ್ನು ಮದುವೆಯಾದದ್ದಕ್ಕೆ, ಇಲ್ಲಿ ಇರುವುದಕ್ಕೆ ನನಗೆ ಬೇಸರವಿಲ್ಲ. ಎರಡನ್ನೂ ಇದ್ದದ್ದು ಇದ್ದ ಹಾಗೆ ಬರೆದಿದ್ದೇನೆ.

ರೋಜಾ ಉಪವಾಸ ಬಿಡುವ ಹೊತ್ತಿಗೆ ಅಮ್ಮ ದಿನವೂ ಎಳನೀರಿನ ಲೋಟ ಹಿಡಿದುಕೊಂಡು, ನೀವು ಒಬ್ಬರೇ ಏನು ತಿಂದಿರೋ ಅನ್ನುತ್ತಾಳೆ. ಮಳೆ ಹಿಡಿದರೆ ದೋಣಿಗಳನ್ನು ದಡಕ್ಕೆ ಎಳೆದಿಡುತ್ತಾರೆ, ಆಮೇಲೆ ಒಣಗಿಸಿದ ಮೀನೇ ಗತಿ. ಏಪ್ರಿಲ್‌ನಲ್ಲಿ ಬಂದರೆ ತಾಜಾ ಸಿಗುತ್ತದೆ.

ಫಿರೋಜ್

೦

ಕಲ್ಪೇನಿ
೨೧ ಏಪ್ರಿಲ್ ೨೦೨೫

ಹನುಮಣ್ಣ,

ನಾನು ನಿನ್ನೆ ಜೀವಂತ ಬಂದು ಮುಟ್ಟಿದ್ದೇನೆ. ಗ್ಯಾರೇಜಿನ ಬೀಗದ ಕೈ ನಿನ್ನ ಹತ್ತಿರವೇ ಇರಲಿ. ಅರಸೀಕೆರೆಯವರ ಪಂಪ್‌ಸೆಟ್ ಮೋಟರ್ ಸಿದ್ಧ ಮಾಡಿ ಒಳಗೆ ಗೋಡೆಗೆ ಆನಿಸಿ ಇಟ್ಟಿದ್ದೇನೆ, ಬಂದರೆ ಕೊಡು. ನಾನೂ ಅವಳೂ ಮಳೆ ಹಿಡಿಯುವುದಕ್ಕೆ ಮುಂಚೆ ಬರುತ್ತೇವೆ. ಅವಳಿಗೆ ಮನಸ್ಸಿದ್ದ ಹಾಗಿಲ್ಲ, ಆದರೂ ಬರುತ್ತೇವೆ.

ಹಡಗಿನ ವಿಷಯ ಕೇಳಬೇಡ. ಲಾರಿಯ ಮೇಲೆ ಮಲಗಿ ಘಾಟಿ ಇಳಿದವನು ನಾನು, ಇದರಲ್ಲಿ ತಲೆ ಎತ್ತಲಿಕ್ಕಾಗಲಿಲ್ಲ. ಪಕ್ಕದವನೊಬ್ಬ ನಿಂಬೆಹಣ್ಣು ಕೊಟ್ಟ, ಅದನ್ನೇ ಮೂಸುತ್ತಾ ಬಿದ್ದಿದ್ದೆ. ಆ ಸ್ಥಿತಿಯಲ್ಲೂ ಹುಡುಗನ ಎದುರು ಏನು ಮಾತಾಡಬೇಕು ಅಂತ ಮನಸ್ಸಿನಲ್ಲಿ ಜೋಡಿಸಿಕೊಳ್ಳುತ್ತಿದ್ದೆ. ಗಟ್ಟಿಯಾಗಿ ಹೇಳುವುದು ಒಂದಿಷ್ಟು, ಮೆತ್ತಗೆ ಹೇಳುವುದು ಒಂದಿಷ್ಟು.

ಹಡಗು ದಡಕ್ಕೆ ಬರುವುದಿಲ್ಲ ಅಂತ ನನಗೆ ಯಾರೂ ಹೇಳಿರಲಿಲ್ಲ. ನಡುನೀರಿನಲ್ಲಿ ನಿಲ್ಲುತ್ತದೆ. ಪಕ್ಕದ ಬಾಗಿಲು ತೆಗೆಯುತ್ತಾರೆ, ಕೆಳಗೆ ಒಂದು ಚಿಕ್ಕ ದೋಣಿ. ಅಲೆ ಎತ್ತಿದಾಗ ದೋಣಿ ನಮ್ಮ ಕಾಲ ಮಟ್ಟಕ್ಕೆ ಬರುತ್ತದೆ, ಮರುಕ್ಷಣ ಆಳು ಮುಳುಗುವಷ್ಟು ಕೆಳಗೆ ಹೋಗುತ್ತದೆ. ಅದರೊಳಗೆ ಹಾರಬೇಕು. ಹೆಂಗಸರು, ಮುದುಕರು ಎಲ್ಲಾ ಹಾರುತ್ತಿದ್ದರು. ನನ್ನ ಸರದಿ ಬಂತು. ಬಾಗಿಲ ಕಂಬಿ ಹಿಡಿದು ನಿಂತೆ, ಬಿಡಲು ಕೈ ಬರಲಿಲ್ಲ.

ಕೆಳಗೆ ದೋಣಿಯಲ್ಲಿ ಒಬ್ಬ ಎರಡೂ ಕೈ ಮೇಲೆ ಚಾಚಿ ನಿಂತಿದ್ದ. ಬಿಸಿಲಿಗೆ ಕಣ್ಣು ಕಿರಿದು ಮಾಡಿ ನೋಡಿದೆ. ಅವನೇ.

“ಅಬ್ಬಾ, ಕಂಬಿ ಬಿಡ್ರಿ. ಅಲೆ ಮ್ಯಾಲೆ ಬಂದಾಗ ಹೇಳ್ತೀನಿ. ಈಗಲ್ಲ, ಈಗಲ್ಲ... ಹ್ಞಾಂ, ಬರ್ರಿ!”

ಬಿಟ್ಟೆ. ನೇರ ಅವನ ಎದೆಗೆ ಹೋಗಿ ಬಿದ್ದೆ. ಅವನು ಅಲ್ಲಾಡಲಿಲ್ಲ. ನನ್ನ ತೂಕ ನಿನಗೆ ಗೊತ್ತಲ್ಲ. ಹಿಡಿದು ಮೆಲ್ಲಗೆ ಹಲಗೆಯ ಮೇಲೆ ಕೂರಿಸಿ, ಮುಂದಿನವರನ್ನು ಇಳಿಸಲು ತಿರುಗಿದ. ನೀರು ಎಷ್ಟು ತಿಳಿಯಾಗಿತ್ತೆಂದರೆ ದೋಣಿಯ ನೆರಳು ಕೆಳಗೆ ಮರಳಿನ ಮೇಲೆ ಹೋಗುವುದು ಕಾಣುತ್ತಿತ್ತು. ದಡದವರೆಗೂ ನಾನು ಅದನ್ನೇ ನೋಡುತ್ತಾ ಬಂದೆ.

ದಡದಲ್ಲಿ ನಮ್ಮವಳು ಕೊಡೆ ಹಿಡಿದು ನಿಂತು ನಗುತ್ತಿದ್ದಳು. ದಪ್ಪಗಾಗಿದ್ದಾಳೆ. ಬಣ್ಣ ಬಂದಿದೆ ಮುಖಕ್ಕೆ. ಮೂವತ್ತೈದು ವರ್ಷ ನನ್ನ ಮನೆಯಲ್ಲಿ ಉಂಡಾಗ ಬರದ ಬಣ್ಣ. ಮನೆಗೆ ಹೋದ ಮೇಲೆ ಆ ಹುಡುಗಿ ಹಾಜರಾ ಬಂದು ಸಲಾಮು ಮಾಡಿ, ಮಗುವನ್ನು ನನ್ನ ತೊಡೆಯ ಮೇಲೆ ಇಟ್ಟಳು. ಕಿವಿ ನನ್ನದೇ ಕಣೋ. ಸುಳ್ಳು ಬರೆದಿರಲಿಲ್ಲ ನಮ್ಮವಳು.

ಆಮೇಲೆ ಊಟಕ್ಕೆ ಎದ್ದೆವು. ಚಾಪೆ ಹಾಸಿದ್ದ ಜಗುಲಿ, ಎದುರಿಗೆ ತೆಂಗಿನಮರ, ಅದರ ಸಂದಿಯಲ್ಲಿ ಸಮುದ್ರ. ಬೀಗಿತ್ತಿ ಬಾಗಿಲ ಹತ್ತಿರ ನಿಂತಿದ್ದರು. ಬಡಿಸಲು ಬಂದವನು ಹುಡುಗ. ಹೆಂಡತಿಯ ಮನೆಯಲ್ಲಿ ಮೂಲೆಯಲ್ಲಿ ಕುಳಿತು ಉಣ್ಣುತ್ತಿರುತ್ತಾನೆ ಅಂತ ಇಷ್ಟು ವರ್ಷ ನಾನು ಕಣ್ಣಿಗೆ ಕಟ್ಟಿಕೊಂಡಿದ್ದೆ. ಇಲ್ಲಿ ಅವನೇ ಒಳಗೆ ಹೋಗುತ್ತಾನೆ, ಹೊರಗೆ ಬರುತ್ತಾನೆ, ಉಪ್ಪು ಎಲ್ಲಿದೆ, ಯಾವ ಪಾತ್ರೆಯಲ್ಲಿ ಏನಿದೆ ಎಲ್ಲಾ ಅವನಿಗೆ ಗೊತ್ತು. ಅತ್ತೆ ಏನೋ ಅಂದರೆ ನಗುತ್ತಾ ತಿರುಗಿ ಏನೋ ಅನ್ನುತ್ತಾನೆ. ಮೀನಿನ ತುಂಡೊಂದನ್ನು ನನ್ನ ತಟ್ಟೆಗೆ ಇಟ್ಟ.

ಹನುಮಣ್ಣ, ನಿನ್ನ ಮುಂದೆ ಮುಚ್ಚುಮರೆ ಏನು. ನಾವು ಸಂತೆಯಲ್ಲಿ ತಂದು ತಿಂದದ್ದು ಮೀನಲ್ಲ, ಐಸು. ಇದನ್ನು ಬೆರಳಲ್ಲಿ ಒತ್ತಿದರೆ ಎಸಳೆಸಳಾಗಿ ಬಿಡಿಸಿಕೊಳ್ಳುತ್ತದೆ. ಮೇಲೆ ಮೆಣಸಿನಕಾಯಿ, ಬೆಳ್ಳುಳ್ಳಿ ಹುರಿದು ಗರಿಗರಿ, ಒಳಗೆ ನೀರುನೀರು, ಸಿಹಿ. ಬೆಳಿಗ್ಗೆ ನಾನು ಹಡಗಿನಲ್ಲಿ ಒದ್ದಾಡುತ್ತಿದ್ದಾಗ ಅದು ಅದೇ ನೀರಿನಲ್ಲಿ ಈಜುತ್ತಿತ್ತು. ಒಂದು ತುತ್ತು ತಿಂದೆ, ಇನ್ನೊಂದು ತಿಂದೆ. ತುಂಡು ಮುಗಿದದ್ದು ಗೊತ್ತಾಗಲಿಲ್ಲ. ಹಡಗಿನಲ್ಲಿ ಜೋಡಿಸಿಕೊಂಡಿದ್ದ ಮಾತುಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ.

ಅವನು ಸೌಟು ಹಿಡಿದು ಪಕ್ಕಕ್ಕೆ ಬಂದು ಬಗ್ಗಿದ. ಅವನ ಧ್ವನಿ ಬಹಳ ಸಣ್ಣಗಿತ್ತು.

“ಅಬ್ಬಾ, ಇನ್ನೊಂದು ತುಂಡು ಹಾಕ್ಲಿ?”

“ಹಾಕು” ಅಂದೆ.

ಹಾಕಿದ. ಹಾಕಿ ಹಾಗೇ ನಿಂತ. ನಾನು ತಲೆ ಎತ್ತಿ ಅವನ ಮುಖ ನೋಡಿದೆ.

“ನಿಂತ್ಕೊಂಡ್ಯಲ್ಲೋ. ಅನ್ನನೂ ಹಾಕು.”

ನಮ್ಮವಳು ಎದ್ದು ನೀರು ತರಲು ಒಳಗೆ ಹೋದಳು. ನನ್ನ ಲೋಟ ತುಂಬಿಯೇ ಇತ್ತು.

ಇಷ್ಟು ಬರೆಯುವಷ್ಟರಲ್ಲಿ ಒಳಗಿನಿಂದ ಕೂಗುತ್ತಿದ್ದಾರೆ. ಬೆಳಗಿನ ತಿಂಡಿಯಂತೆ. ಬರುತ್ತೇನೆ.

ನೂರಸಾಬ